‘ಇನ್ನು ಮುಂದೆ ಹೇಳುವುದಿಲ್ಲ’ ಎಂದು ಕೋರ್ಟಿಗೆ ಬರೆದುಕೊಡುವ ಮುನ್ನ

ಲಗ್ಗೆರೆ, ರಾಜಗೋಪಾಲನಗರ, ಪೀಣ್ಯದ ಸಣ್ಣ ಶೆಡ್‌ಗಳಲ್ಲಿ ವ್ಯವಹಾರ ನಡೆಯುವುದೇ ಹೆಸರಿನ ಮೇಲೆ. ಲೇತ್ ಇಟ್ಟವರು, ಪೌಡರ್ ಕೋಟಿಂಗ್ ಮಾಡುವವರು, ಜಾಬ್‌ವರ್ಕ್ ಹಿಡಿಯುವವರು ಒಬ್ಬರಿಗೊಬ್ಬರು ಸಾಲ ಬಿಡುತ್ತಾರೆ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರಿಗೆ ಆರ್ಡರ್ ಕೊಡುತ್ತಾರೆ. ಅಂಥ ಕಡೆ ಒಂದು ಉದಾಹರಣೆ ಊಹಿಸಿಕೊಳ್ಳಿ. ಪಾಲು ಮುರಿದುಕೊಂಡು ಹೋದವನೊಬ್ಬ ಶೆಡ್ ಮಾಲೀಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ತನ್ನ ಹಳೆಯ ಪಾಲುದಾರನ ಹೆಸರು ಹಾಕಿ, ‘ಕೆಲಸಗಾರರ ಪಿಎಫ್ ದುಡ್ಡು ನುಂಗಿದ್ದಾನೆ’ ಎಂದು ಬರೆಯುತ್ತಾನೆ. ಒಂದು ವಾರದಲ್ಲಿ ಎರಡು ಆರ್ಡರ್ ಕೈತಪ್ಪುತ್ತವೆ. ಮಾಲೀಕ ಕೆ.ಜಿ. ರಸ್ತೆಯ ಸಿಟಿ ಸಿವಿಲ್ ಕೋರ್ಟಿನಲ್ಲಿ ಮಾನನಷ್ಟದ ದಾವೆ ಹೂಡುತ್ತಾನೆ. ನಾಲ್ಕಾರು ವಾಯಿದೆ ಆದ ಮೇಲೆ ಬರೆದವನಿಗೂ ಅಲೆದು ಸಾಕಾಗುತ್ತದೆ. ಆಗ ಕೋರ್ಟ್ ಹಾಲಿನ ಹೊರಗೆ ಬರುವ ಸಲಹೆ ಒಂದೇ: ‘ಇನ್ನು ಮುಂದೆ ಹೇಳಲ್ಲ ಅಂತ ಒಂದು ಮೆಮೊ ಹಾಕಿಬಿಡೋಣ ಸಾರ್, ಕೇಸು ಮುಗಿದುಹೋಗುತ್ತೆ.’

ಕೇಸು ಮುಗಿಯುತ್ತದೆ, ನಿಜ. ಅದೇ ಸಹಿಯಿಂದ ಬೇರೊಂದು ಹೊಣೆ ಶುರುವಾಗುತ್ತದೆ ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಸಹಿ ಹಾಕಿದವನು ಅದನ್ನು ಎದುರಾಳಿಗೆ ಕೊಟ್ಟ ಮಾತೆಂದುಕೊಂಡಿರುತ್ತಾನೆ. ಅವನು ಮಾತು ಕೊಟ್ಟಿರುವುದು ನ್ಯಾಯಾಲಯಕ್ಕೆ. ನಾಳೆ ಅದೇ ಆರೋಪವನ್ನು ಮತ್ತೆ ಗುಂಪಿಗೆ ಹಾಕಿದರೆ ಆಗ ನಡೆಯುವುದು ಅವನಿಗೂ ಹಳೆಯ ಪಾಲುದಾರನಿಗೂ ನಡುವಿನ ಜಗಳವಲ್ಲ, ಅವನಿಗೂ ನ್ಯಾಯಾಲಯಕ್ಕೂ ನಡುವಿನ ವಿಚಾರಣೆ.

ನ್ಯಾಯಾಂಗ ನಿಂದನೆ ಎಂದ ಕೂಡಲೇ ಹೆಚ್ಚಿನವರ ಮನಸ್ಸಿಗೆ ಬರುವುದು ನ್ಯಾಯಾಧೀಶರನ್ನು ಬೈಯುವುದು. ಅದು ಕ್ರಿಮಿನಲ್ ನಿಂದನೆ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 2(ಬಿ) ಕಲಮು ಸಿವಿಲ್ ನಿಂದನೆಯನ್ನು ಬೇರೆಯಾಗಿ ಹೇಳುತ್ತದೆ. ಕೋರ್ಟಿನ ತೀರ್ಪು, ಡಿಕ್ರಿ, ಆದೇಶಗಳನ್ನು ಬೇಕೆಂದೇ ಪಾಲಿಸದಿರುವುದು ಒಂದು. ಕೋರ್ಟಿಗೆ ಕೊಟ್ಟ ಮುಚ್ಚಳಿಕೆಯನ್ನು ಬೇಕೆಂದೇ ಮುರಿಯುವುದು ಇನ್ನೊಂದು. ನಮ್ಮ ಉದಾಹರಣೆಯವನು ನ್ಯಾಯಾಧೀಶರ ಬಗ್ಗೆ ಒಂದಕ್ಷರ ಬರೆಯದಿದ್ದರೂ ಈ ಎರಡನೆಯದರಲ್ಲಿ ಸಿಕ್ಕಿಬೀಳಬಹುದು.

ಮಾತು ನಿಲ್ಲಿಸುವುದಕ್ಕೆ ಕೋರ್ಟುಗಳು ಎಷ್ಟು ಮಹತ್ವ ಕೊಡುತ್ತವೆ ಎಂಬುದನ್ನು ಕರ್ನಾಟಕ ಹತ್ತಿರದಿಂದ ನೋಡಿದೆ. 2023ರ ಫೆಬ್ರುವರಿಯಲ್ಲಿ ಐಪಿಎಸ್ ಅಧಿಕಾರಿ ಡಿ. ರೂಪಾ ಅವರು ಐಎಎಸ್ ಅಧಿಕಾರಿ ರೋಹಿಣಿ ಸಿಂಧೂರಿ ಅವರ ಮೇಲೆ ಫೇಸ್‌ಬುಕ್‌ನಲ್ಲಿ ಆರೋಪಗಳನ್ನು ಮಾಡಿದರು. ಅದೇ ತಿಂಗಳು ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟ್ ತಾತ್ಕಾಲಿಕ ತಡೆಯಾಜ್ಞೆ ಕೊಟ್ಟಿತು. ಕ್ರಿಮಿನಲ್ ಮಾನನಷ್ಟದ ದೂರು ಬೇರೆಯಾಗಿ ನಡೆಯಿತು. ಅದನ್ನು ರದ್ದುಪಡಿಸಲು ಹೈಕೋರ್ಟ್ ಆಗಸ್ಟ್‌ನಲ್ಲಿ ಒಪ್ಪಲಿಲ್ಲ. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದಾಗ, ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿಗಳಾದ ಅಭಯ್ ಎಸ್. ಓಕಾ ಮತ್ತು ಪಂಕಜ್ ಮಿತ್ತಲ್ ಅವರ ಪೀಠ ಮೊದಲು ಕೇಳಿದ್ದು ಆ ಪೋಸ್ಟ್‌ಗಳನ್ನು ಅಳಿಸಲು. ರೂಪಾ ಅವರ ಕಡೆಯವರು ಒಪ್ಪಿದರು. ಇಬ್ಬರೂ ಮಾಧ್ಯಮಗಳ ಮುಂದೆ ಮಾತನಾಡಬಾರದು ಎಂದೂ ಪೀಠ ಹೇಳಿತು. ಆರೋಪ ಸರಿಯೋ ತಪ್ಪೋ ಎಂದು ಆ ಹೊತ್ತಿನಲ್ಲಿ ಯಾರೂ ತೀರ್ಮಾನಿಸಲಿಲ್ಲ. ಮೊದಲು ಮಾತು ನಿಲ್ಲಲಿ, ಸರಿತಪ್ಪು ಆಮೇಲೆ ನೋಡೋಣ ಎಂಬುದೇ ಇಂಥ ವ್ಯಾಜ್ಯಗಳಲ್ಲಿ ಹಲವು ಬಾರಿ ಕೋರ್ಟುಗಳು ಹಿಡಿಯುವ ದಾರಿ. ಮುಚ್ಚಳಿಕೆ ಹುಟ್ಟುವುದೂ ಆ ಘಟ್ಟದಲ್ಲೇ.

ಯಾವ ಮುಚ್ಚಳಿಕೆಗೆ ಬಲವಿದೆ, ಯಾವುದಕ್ಕಿಲ್ಲ ಎಂಬಲ್ಲಿ ನಮ್ಮ ಜನ ಹೆಚ್ಚು ಮೋಸಹೋಗುತ್ತಾರೆ. ಜಗಳ ಸ್ಟೇಷನ್‌ ಮೆಟ್ಟಿಲು ಹತ್ತಿದಾಗ ಪೊಲೀಸರು ಇಬ್ಬರನ್ನೂ ಕೂರಿಸಿ, ‘ಇನ್ನು ಮುಂದೆ ಹೀಗೆ ಮಾಡುವುದಿಲ್ಲ’ ಎಂದು ಬರೆಸಿಕೊಂಡು ಕಳಿಸುತ್ತಾರೆ. ಛಾಪಾ ಕಾಗದದ ಮೇಲೆ ನೋಟರಿ ಮುಂದೆ ಕ್ಷಮಾಪಣೆ ಪತ್ರ ಮಾಡಿಕೊಳ್ಳುವವರೂ ಇದ್ದಾರೆ. ಏರಿಯಾದ ಹಿರಿಯರ ಮುಂದೆ ಪಂಚಾಯ್ತಿ ಮಾಡಿ ಸಹಿ ಹಾಕಿಸುವುದೂ ಉಂಟು. ಇವುಗಳಲ್ಲಿ ಯಾವುದನ್ನು ಮುರಿದರೂ ನ್ಯಾಯಾಂಗ ನಿಂದನೆಯಾಗುವುದಿಲ್ಲ, ಏಕೆಂದರೆ ಮಾತು ಕೊಟ್ಟದ್ದು ನ್ಯಾಯಾಲಯಕ್ಕಲ್ಲ. ಮುಂದೆ ದಾವೆ ಹೂಡಿದರೆ ಅವು ಸಾಕ್ಷ್ಯವಾಗಿ ನೆರವಾಗಬಹುದು, ಅಷ್ಟೇ. ಮಾನ ಕಳೆದುಕೊಂಡವರು ಸ್ಟೇಷನ್ ಕಾಗದ ಹಿಡಿದುಕೊಂಡು ನಿಶ್ಚಿಂತೆಯಿಂದ ಕೂತರೆ ಒಂದು ಗಡುವೂ ಮೀರಿಹೋಗುತ್ತದೆ: ಮಾನಹಾನಿಗೆ ಪರಿಹಾರ ಕೇಳುವ ಸಿವಿಲ್ ದಾವೆಯನ್ನು ಒಂದೇ ವರ್ಷದೊಳಗೆ ಹೂಡಬೇಕು.

ಕೋರ್ಟಿನೊಳಗೆ ಆದ ರಾಜಿಗಳಲ್ಲೂ ವ್ಯತ್ಯಾಸವಿದೆ. ಬಾಬು ರಾಮ್ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1979ರಲ್ಲೇ ಇದನ್ನು ಬಿಡಿಸಿಟ್ಟಿತು. ಎರಡು ಕಡೆಯವರು ಒಪ್ಪಿ ಆದೇಶ ಪಡೆಯುವುದು ಬೇರೆ, ‘ನಾನು ಹೀಗೆ ಮಾಡುವುದಿಲ್ಲವೆಂದು ಈ ನ್ಯಾಯಾಲಯಕ್ಕೆ ಮಾತು ಕೊಡುತ್ತೇನೆ’ ಎಂದು ಸ್ಪಷ್ಟವಾಗಿ ಹೇಳುವುದು ಬೇರೆ. ಹೇಳದ ಮಾತನ್ನು ಹೇಳಿದಂತೆ ಊಹಿಸಿ ಯಾರನ್ನೂ ಶಿಕ್ಷಿಸಲಾಗದು. 2006ರ ರಮಾ ನಾರಂಗ್ ಪ್ರಕರಣದಲ್ಲಿ ಅದೇ ಕೋರ್ಟ್ ಇನ್ನೊಂದು ಮಗ್ಗುಲನ್ನೂ ಹೇಳಿತು: ಒಪ್ಪಿಗೆಯ ಮೇಲೆ ಹೊರಟ ಆದೇಶವೂ ಆದೇಶವೇ. ಅದರಲ್ಲಿ ‘ಹೀಗೆ ಮಾಡತಕ್ಕದ್ದಲ್ಲ’ ಎಂಬ ಅಪ್ಪಣೆ ಇದ್ದರೆ ಮುರಿದವರು ತಪ್ಪಿಸಿಕೊಳ್ಳಲಾರರು. ಇನ್ನು, ‘ಹೇಳಿದ್ದು ನನ್ನ ವಕೀಲರು, ನಾನಲ್ಲ’ ಎಂಬ ನೆಪ. 2023ರ ಬಲವಂತಭಾಯಿ ಭಂಡಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದಕ್ಕೂ ಅವಕಾಶ ಕೊಡಲಿಲ್ಲ. ಕಕ್ಷಿದಾರನ ಪರವಾಗಿ ವಕೀಲರು ಕೋರ್ಟಿಗೆ ಕೊಟ್ಟ ಭರವಸೆ ಕಕ್ಷಿದಾರನನ್ನು ಕಟ್ಟಿಹಾಕುತ್ತದೆ. ವಾಯಿದೆ ದಿನ ನೀವು ಶೆಡ್‌ನಲ್ಲೇ ಉಳಿದು ವಕೀಲರನ್ನಷ್ಟೇ ಕಳಿಸಿದ್ದರೂ ಆರ್ಡರ್ ಶೀಟಿನಲ್ಲಿ ದಾಖಲಾದ ಮಾತು ನಿಮ್ಮದೇ.

ಆದ್ದರಿಂದ ಎಲ್ಲವೂ ನಿಲ್ಲುವುದು ಬರೆದ ವಾಕ್ಯದ ಮೇಲೆ. ‘ವಾದಿಯ ಗೌರವಕ್ಕೆ ಧಕ್ಕೆ ತರುವ ಯಾವ ಮಾತನ್ನೂ ಆಡುವುದಿಲ್ಲ’ ಎಂಬ ಸಾಲನ್ನು ಮೆಮೊಗಳಲ್ಲಿ ಸಲೀಸಾಗಿ ಬರೆದುಬಿಡುತ್ತಾರೆ. ಇದು ಎರಡೂ ಕಡೆಗೆ ಕೆಟ್ಟ ವಾಕ್ಯ. ಮಾತು ಕೊಟ್ಟವನಿಗೆ ತಾನು ಏನು ಹೇಳಬಹುದು, ಏನು ಹೇಳಬಾರದು ಎಂಬ ಗೆರೆಯೇ ಕಾಣುವುದಿಲ್ಲ, ಟೀ ಅಂಗಡಿಯಲ್ಲಿ ಆಡಿದ ಒಂದು ಮಾತಿಗೂ ಹೆದರಬೇಕಾಗುತ್ತದೆ. ಮಾತು ಪಡೆದವನಿಗೂ ನಷ್ಟವೇ, ಏಕೆಂದರೆ ನಿಂದನೆ ವಿಚಾರಣೆಯಲ್ಲಿ ಮುಚ್ಚಳಿಕೆ ಅಸ್ಪಷ್ಟವಾಗಿದ್ದರೆ ಸಂಶಯದ ಲಾಭ ಎದುರಾಳಿಗೆ ಹೋಗುತ್ತದೆ. ಬದಲಿಗೆ ಹೀಗೆ ಬರೆಯಬಹುದು: ‘ವಾದಿಯು ತನ್ನ ಕಾರ್ಖಾನೆಯ ಕೆಲಸಗಾರರ ಭವಿಷ್ಯನಿಧಿ ಹಣವನ್ನು ಸ್ವಂತಕ್ಕೆ ಬಳಸಿಕೊಂಡಿದ್ದಾನೆ ಎಂಬ ಆರೋಪವನ್ನು, ಅಥವಾ ಅದೇ ಅರ್ಥ ಕೊಡುವ ಮಾತನ್ನು, ನಾನಾಗಲಿ ನನ್ನ ಪರವಾಗಿ ಬೇರೆಯವರಾಗಲಿ ಬರಹ, ಧ್ವನಿ ಸಂದೇಶ, ವಿಡಿಯೊ, ಸಾಮಾಜಿಕ ಜಾಲತಾಣ ಯಾವುದರಲ್ಲೂ ಪ್ರಕಟಿಸುವುದಿಲ್ಲ, ಬೇರೆಯವರು ಹಾಕಿದ್ದನ್ನು ಮುಂದಕ್ಕೆ ಕಳಿಸುವುದಿಲ್ಲ ಎಂದು ಈ ನ್ಯಾಯಾಲಯಕ್ಕೆ ಮುಚ್ಚಳಿಕೆ ಕೊಡುತ್ತೇನೆ.’ ಯಾವ ಆರೋಪ, ಯಾವ ದಾರಿ, ಯಾರಿಗೆ ಕೊಟ್ಟ ಮಾತು, ಮೂರೂ ಇಲ್ಲಿವೆ. ಕೊನೆಯ ‘ನ್ಯಾಯಾಲಯಕ್ಕೆ’ ಎಂಬುದನ್ನು ಬಿಟ್ಟರೆ ಉಳಿದದ್ದು ಬರೀ ಒಪ್ಪಂದ.

ಮಾತು ಕೊಡುವವನು ಇದರ ಕೆಳಗೆ ಇನ್ನೊಂದು ಸಾಲು ಸೇರಿಸಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ: ‘ಭವಿಷ್ಯನಿಧಿ ಕಚೇರಿ, ಕಾರ್ಮಿಕ ಇಲಾಖೆ, ಪೊಲೀಸರು ಅಥವಾ ಯಾವುದೇ ನ್ಯಾಯಾಲಯದ ಮುಂದೆ ಕಾನೂನುಬದ್ಧವಾಗಿ ದೂರು ಕೊಡಲು, ಸಾಕ್ಷಿ ನುಡಿಯಲು ಈ ಮುಚ್ಚಳಿಕೆ ಅಡ್ಡಿಯಲ್ಲ.’ ಅಧಿಕಾರವುಳ್ಳವರ ಮುಂದೆ ಸದುದ್ದೇಶದಿಂದ ಮಾಡಿದ ದೂರು ಮಾನನಷ್ಟವಲ್ಲ ಎಂಬುದು ಹಳೆಯ ದಂಡಸಂಹಿತೆಯಲ್ಲೂ ಇತ್ತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲೂ ಇದೆ. ಕಾನೂನು ಕೊಟ್ಟ ಆ ಹಕ್ಕನ್ನು ವಾಯಿದೆ ಮುಗಿಸುವ ಆತುರದಲ್ಲಿ ಕೈಯಾರೆ ಬಿಟ್ಟುಕೊಡಬಾರದು. ಕೆಲಸಗಾರರ ಪಿಎಫ್ ನಿಜಕ್ಕೂ ಕಟ್ಟಿಲ್ಲದಿದ್ದರೆ ಅದನ್ನು ಹೇಳಬೇಕಾದ ಜಾಗ ಭವಿಷ್ಯನಿಧಿ ಕಚೇರಿ. ಆ ಬಾಗಿಲು ತೆರೆದೇ ಇರಬೇಕು.

ಅಳಿಸುವುದರ ಬಗ್ಗೆಯೂ ಎಚ್ಚರ ಬೇಕು. ‘ಮತ್ತೆ ಹೇಳುವುದಿಲ್ಲ’ ಎಂಬುದರಲ್ಲಿ ‘ಹಿಂದೆ ಹಾಕಿದ್ದನ್ನು ತೆಗೆಯುತ್ತೇನೆ’ ಎಂಬುದು ತಾನಾಗಿ ಸೇರುವುದಿಲ್ಲ, ಬೇರೆ ಬರೆಸಬೇಕು. ಬರೆದುಕೊಡುವವನು ತನ್ನಿಂದ ಆಗುವುದನ್ನಷ್ಟೇ ಒಪ್ಪಬೇಕು. ವಾಟ್ಸ್ಆ್ಯಪ್‌ನಲ್ಲಿ ಸಂದೇಶ ಕಳಿಸಿ ಸುಮಾರು ಎರಡೂವರೆ ದಿನ ಕಳೆದರೆ ಎಲ್ಲರ ಫೋನಿನಿಂದ ಅಳಿಸುವ ಆಯ್ಕೆಯೇ ಇರುವುದಿಲ್ಲ. ಆರು ತಿಂಗಳ ಹಿಂದಿನ ಸಂದೇಶವನ್ನು ಅಳಿಸುತ್ತೇನೆಂದು ಕೋರ್ಟಿಗೆ ಬರೆದುಕೊಟ್ಟವನು ಸಹಿ ಹಾಕಿದ ಕ್ಷಣದಿಂದಲೇ ತೊಂದರೆಯಲ್ಲಿರುತ್ತಾನೆ. ಅದರ ಬದಲು, ಆ ಮಾತನ್ನು ಹಿಂತೆಗೆದುಕೊಂಡಿದ್ದೇನೆ ಎಂದು ಅದೇ ಗುಂಪಿನಲ್ಲಿ ಹಾಕುತ್ತೇನೆ ಎಂದು ಬರೆದುಕೊಟ್ಟರೆ ಪಾಲಿಸಬಹುದು.

ಮಾತು ಮುರಿದರೆ ಏನಾಗುತ್ತದೆ ಎಂಬುದಕ್ಕೆ ದೇಶವೇ ನೋಡಿದ ಪ್ರಕರಣ ಪತಂಜಲಿಯದು. ಭಾರತೀಯ ವೈದ್ಯಕೀಯ ಸಂಘದ ಅರ್ಜಿಯಲ್ಲಿ 2023ರ ನವೆಂಬರ್ 21ರಂದು ಕಂಪನಿಯ ಪರ ಹಿರಿಯ ವಕೀಲರು ಸುಪ್ರೀಂ ಕೋರ್ಟಿಗೆ ಭರವಸೆ ಕೊಟ್ಟರು: ಔಷಧದ ಗುಣದ ಬಗ್ಗೆಯಾಗಲಿ, ಬೇರೆ ವೈದ್ಯ ಪದ್ಧತಿಯ ವಿರುದ್ಧವಾಗಲಿ ಮಾಧ್ಯಮಗಳಿಗೆ ಹಗುರ ಹೇಳಿಕೆ ಕೊಡುವುದಿಲ್ಲ. ಮಾರನೇ ದಿನವೇ ಬಾಬಾ ರಾಮದೇವ್ ಪತ್ರಿಕಾಗೋಷ್ಠಿ ನಡೆಸಿದರು, ಜಾಹೀರಾತುಗಳೂ ಮುಂದುವರಿದವು. 2024ರ ಫೆಬ್ರುವರಿ 27ರಂದು ನ್ಯಾಯಾಂಗ ನಿಂದನೆಯ ನೋಟಿಸ್ ಹೊರಟಿತು. ರಾಮದೇವ್ ಮತ್ತು ಆಚಾರ್ಯ ಬಾಲಕೃಷ್ಣ ಖುದ್ದಾಗಿ ಬಂದು ನಿಲ್ಲಬೇಕಾಯಿತು. ಏಪ್ರಿಲ್‌ನಲ್ಲಿ ಅವರ ಕ್ಷಮಾಪಣೆ ಪ್ರಮಾಣಪತ್ರಗಳನ್ನು ನ್ಯಾಯಮೂರ್ತಿಗಳಾದ ಹಿಮಾ ಕೊಹ್ಲಿ ಮತ್ತು ಅಹ್ಸಾನುದ್ದೀನ್ ಅಮಾನುಲ್ಲಾ ಅವರ ಪೀಠ ತಿರಸ್ಕರಿಸಿತು. ಪತ್ರಿಕೆಗಳಲ್ಲಿ ಕ್ಷಮೆ ಕೇಳಿದ ಮೇಲೂ, ನಿಮ್ಮ ಜಾಹೀರಾತಿನಷ್ಟೇ ದೊಡ್ಡದಾಗಿ ಇದನ್ನೂ ಹಾಕಿಸಿದ್ದೀರಾ ಎಂದು ಕೇಳಿತು. ಮರುದಿನ ದೊಡ್ಡ ಅಳತೆಯಲ್ಲಿ ಮತ್ತೆ ಪ್ರಕಟಿಸಿದರು. ಕ್ಷಮೆಯನ್ನು ಒಪ್ಪಿ ಪ್ರಕರಣ ಮುಗಿದದ್ದು ಆಗಸ್ಟ್ 13ರಂದು. ಶಿಕ್ಷೆಯೇನೂ ಆಗಲಿಲ್ಲ. ಆದರೆ ಅಷ್ಟು ದೊಡ್ಡ ಸಂಸ್ಥೆಯ ಮುಖ್ಯಸ್ಥರೇ ಒಂದೇ ವಾಕ್ಯದ ಭರವಸೆಗೆ ಮತ್ತೆ ಮತ್ತೆ ಕೋರ್ಟಿನ ಮುಂದೆ ಉತ್ತರ ಹೇಳಬೇಕಾಯಿತು.

2025ರಲ್ಲಿ ರೂಹ್ ಅಫ್ಜಾ ತಯಾರಿಸುವ ಹಮ್‌ದರ್ದ್ ಸಂಸ್ಥೆ ದೆಹಲಿ ಹೈಕೋರ್ಟಿಗೆ ಹೋದದ್ದೂ ಆ ಪಾನೀಯದ ಕುರಿತ ರಾಮದೇವ್ ಅವರ ಹೇಳಿಕೆಗಾಗಿಯೇ. ಇಂಥ ಮಾತು ಮುಂದೆ ಆಡುವುದಿಲ್ಲವೆಂದು ಪ್ರಮಾಣಪತ್ರ ಕೊಡಲು ನ್ಯಾಯಮೂರ್ತಿ ಅಮಿತ್ ಬನ್ಸಲ್ ಏಪ್ರಿಲ್ 22ರಂದು ಹೇಳಿದರು. ಮೇ 1ರ ಹೊತ್ತಿಗೆ ಮತ್ತೊಂದು ವಿಡಿಯೊ ಬಂದಿತ್ತು. ಮೇಲ್ನೋಟಕ್ಕೆ ಇದು ನ್ಯಾಯಾಂಗ ನಿಂದನೆ ಎಂದು ನ್ಯಾಯಮೂರ್ತಿಗಳು ಹೇಳಿದ ಮೇಲೆ ರಾಮದೇವ್ ಅವರ ಕಡೆಯವರು ಅದನ್ನು ತೆಗೆಯಲು ಒಪ್ಪಿದರು, ಅದೇ ತಿಂಗಳು ಮುಚ್ಚಳಿಕೆಯೊಂದಿಗೆ ವ್ಯಾಜ್ಯ ಮುಗಿಯಿತು.

ಬ್ರಿಟನ್ನಿನಲ್ಲಿ ಇದಕ್ಕಿಂತ ಬಿಗಿ ಇದೆ. ಅಲ್ಲಿನ ಟಾಮಿ ರಾಬಿನ್‌ಸನ್ ಎಂಬ ಬಲಪಂಥೀಯ ಹೋರಾಟಗಾರ ಸಿರಿಯಾದಿಂದ ನಿರಾಶ್ರಿತನಾಗಿ ಬಂದಿದ್ದ ಶಾಲಾ ಬಾಲಕನ ಮೇಲೆ ಸುಳ್ಳು ಆರೋಪ ಮಾಡಿ 2021ರಲ್ಲಿ ಮಾನನಷ್ಟದ ದಾವೆ ಸೋತ. 1,00,000 ಪೌಂಡ್ ಪರಿಹಾರದ ಜೊತೆಗೆ, ಅದನ್ನು ಮತ್ತೆ ಹೇಳಕೂಡದೆಂಬ ತಡೆಯಾಜ್ಞೆಯೂ ಆಯಿತು. ಆತ ಅದೇ ಆರೋಪಗಳನ್ನು ಚಲನಚಿತ್ರ ಮಾಡಿ ತೋರಿಸಿದ. 2024ರ ಅಕ್ಟೋಬರ್ 28ರಂದು 18 ತಿಂಗಳ ಜೈಲುಶಿಕ್ಷೆಯಾಯಿತು.

ನಮ್ಮಲ್ಲಿ ಶಿಕ್ಷೆಯ ಮಿತಿ ಬೇರೆ. ನಿಂದನೆ ಕಾಯ್ದೆಯ 12ನೇ ಕಲಮಿನಂತೆ ಹೆಚ್ಚೆಂದರೆ ಆರು ತಿಂಗಳ ಸಾದಾ ಸೆರೆ, 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸಿವಿಲ್ ನಿಂದನೆಗೆ ಮೊದಲು ದಂಡ. ಅದು ಸಾಲದು ಎನಿಸಿದರೆ ಮಾತ್ರ ಆರು ತಿಂಗಳವರೆಗೆ ಸಿವಿಲ್ ಸೆರೆ. ಮನಃಪೂರ್ವಕ ಕ್ಷಮೆ ಕೇಳಿದರೆ ಬಿಟ್ಟುಬಿಡುವ ಅಧಿಕಾರ ಕೋರ್ಟಿಗಿದೆ. ಆದರೆ ಎಲ್ಲ ವಾದವೂ ಸೋತ ಮೇಲೆ ಕೊನೆಯ ಅಸ್ತ್ರವಾಗಿ ತಂದ ಕ್ಷಮೆಗೆ ಬೆಲೆ ಇಲ್ಲವೆಂದು ಸುಪ್ರೀಂ ಕೋರ್ಟ್ 1954ರ ಎಂ.ವೈ. ಷರೀಫ್ ಪ್ರಕರಣದಿಂದಲೂ ಹೇಳುತ್ತ ಬಂದಿದೆ. ತಪ್ಪಾಗಿದ್ದರೆ ನೋಟಿಸ್ ಬಂದ ಕೂಡಲೇ ಹಾಕಿದ್ದನ್ನು ತೆಗೆದು, ಮೊದಲ ವಾಯಿದೆಯಲ್ಲೇ ನೇರವಾಗಿ ಒಪ್ಪಿಕೊಳ್ಳುವುದು ಒಳ್ಳೆಯದು.

ಮಾತು ಮುರಿದದ್ದನ್ನು ಪ್ರಶ್ನಿಸಲು ಎಲ್ಲಿಗೆ ಹೋಗಬೇಕೆಂಬುದು ಕೈಯಲ್ಲಿರುವ ಕಾಗದದ ಮೇಲೆ ನಿಂತಿದೆ. ದಾವೆ ಇನ್ನೂ ನಡೆಯುತ್ತಿದ್ದು ತಾತ್ಕಾಲಿಕ ತಡೆಯಾಜ್ಞೆ ಇದ್ದರೆ, ಅದೇ ಸಿಟಿ ಸಿವಿಲ್ ಕೋರ್ಟಿನಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ 2ಎ ನಿಯಮದಡಿ ಅರ್ಜಿ ಹಾಕಬೇಕು. ಆಸ್ತಿ ಜಪ್ತಿ ಮಾಡಬಹುದು, ಮೂರು ತಿಂಗಳವರೆಗೆ ಸಿವಿಲ್ ಸೆರೆಗೂ ಕಳಿಸಬಹುದು. ದಾವೆ ಮುಗಿದು ಶಾಶ್ವತ ತಡೆಯಾಜ್ಞೆಯ ಡಿಕ್ರಿ ಆಗಿದ್ದರೆ 21ನೇ ಆದೇಶದ 32ನೇ ನಿಯಮದಡಿ ಅಮಲ್ಜಾರಿ ಅರ್ಜಿ. ಸ್ಪಷ್ಟ ಮುಚ್ಚಳಿಕೆ ಇದ್ದು ಅದನ್ನು ಮುರಿದಿದ್ದರೆ ಹೈಕೋರ್ಟಿನಲ್ಲಿ ಸಿವಿಲ್ ನಿಂದನೆ ಅರ್ಜಿ, ವಕೀಲರು ಸಿ.ಸಿ.ಸಿ. ಎನ್ನುವುದು ಇದನ್ನೇ. ಕೆಳ ನ್ಯಾಯಾಲಯಕ್ಕೆ ಕೊಟ್ಟ ಮಾತು ಮುರಿದವರನ್ನೂ ಶಿಕ್ಷಿಸುವ ಅಧಿಕಾರವನ್ನು ಕಾಯ್ದೆಯ 10ನೇ ಕಲಮು ಹೈಕೋರ್ಟಿಗೆ ಕೊಟ್ಟಿದೆ. ಕ್ರಿಮಿನಲ್ ನಿಂದನೆಗೆ ಬೇಕಾದಂತೆ ಅಡ್ವೊಕೇಟ್ ಜನರಲ್ ಅವರ ಸಮ್ಮತಿ ಇಲ್ಲಿ ಬೇಡ. ಸಂಹಿತೆಯಲ್ಲೇ ದಾರಿ ಇರುವಾಗ ನೇರವಾಗಿ ಹೈಕೋರ್ಟಿಗೆ ಓಡಿದರೆ ಸಾಮಾನ್ಯವಾಗಿ ಹಿಂದಕ್ಕೆ ಕಳಿಸುತ್ತಾರೆ, ಆದ್ದರಿಂದ ಕಾಗದ ಯಾವುದೆಂದು ಮೊದಲೇ ನೋಡಿಕೊಳ್ಳಬೇಕು. ನಿಂದನೆ ಅರ್ಜಿಗೆ ಗಡುವು ಮಾತು ಮುರಿದ ದಿನದಿಂದ ಒಂದು ವರ್ಷ.

ರುಜುವಾತು ಸುಲಭವಲ್ಲ, ಸುಲಭವಾಗಿರಲೂಬಾರದು. ಒಬ್ಬನನ್ನು ಸೆರೆಗೆ ಕಳಿಸುವ ವಿಚಾರಣೆ ಇದು. ಮುಚ್ಚಳಿಕೆಯ ವಿಷಯ ಅವನಿಗೆ ಗೊತ್ತಿತ್ತು, ಸಂದೇಶ ಅವನದೇ, ಅದು ನಿಷೇಧಿಸಿದ ಆರೋಪವೇ, ಬೇಕೆಂದೇ ಮಾಡಿದ್ದು, ಇಷ್ಟನ್ನೂ ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಬೇಕು. ಸ್ಕ್ರೀನ್‌ಶಾಟ್ ಮುದ್ರಿಸಿ ಲಗತ್ತಿಸಿದರೆ ಸಾಲದು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು, ಅದರಲ್ಲಿ ಒಂದು ಭಾಗ ನಿಮ್ಮದು, ಇನ್ನೊಂದು ತಜ್ಞರದು. ಸಂದೇಶ ಬಂದ ಫೋನನ್ನು ಮಾರಬೇಡಿ, ಬದಲಿಸಬೇಡಿ, ಚಾಟ್ ಅಳಿಸಬೇಡಿ. ಮುಚ್ಚಳಿಕೆ ದಾಖಲಾದ ಆದೇಶದ ದೃಢೀಕೃತ ನಕಲನ್ನು ಕೇಸು ಮುಗಿದ ವಾರವೇ ತೆಗೆದಿಟ್ಟುಕೊಳ್ಳಿ.

ಮಾತು ಕೊಟ್ಟವರ ಕಡೆಯಿಂದ ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ ಬೇರೆ. ಆರೋಪ ನಿಜವೇ ಆಗಿದ್ದರೆ? ಸಾಕ್ಷ್ಯ ಸಿಗಲಿಲ್ಲವೆಂದು ಅಂದು ಮುಚ್ಚಳಿಕೆ ಕೊಟ್ಟಿದ್ದೆ, ಈಗ ದಾಖಲೆಗಳೇ ಸಿಕ್ಕಿವೆ, ಈಗಲಾದರೂ ಹೇಳಬಹುದೇ? ಮಾನನಷ್ಟದ ದಾವೆಯಲ್ಲಿ ಸತ್ಯ ದೊಡ್ಡ ರಕ್ಷಣೆ. ಮುಚ್ಚಳಿಕೆ ಮುರಿದ ವಿಚಾರಣೆಯಲ್ಲಿ ಕೋರ್ಟ್ ಮೊದಲು ಕೇಳುವುದು ‘ಹೇಳಿದಿರೋ ಇಲ್ಲವೋ’ ಎಂದು. ದಾಖಲೆ ಸಿಕ್ಕಿದ ಮಾತ್ರಕ್ಕೆ ಗುಂಪಿಗೆ ಹಾಕಿದರೆ ಅದು ನಿಮ್ಮನ್ನು ಕಾಪಾಡುತ್ತದೆಂದು ನಂಬಬೇಡಿ. ಸರಿಯಾದ ಕ್ರಮ ತಲೆಕೆಳಗಾಗಬಾರದು: ಮೊದಲು ಅದೇ ನ್ಯಾಯಾಲಯಕ್ಕೆ ಅರ್ಜಿ ಹಾಕಿ, ಹೊಸ ದಾಖಲೆ ತೋರಿಸಿ, ಮುಚ್ಚಳಿಕೆಯಿಂದ ಬಿಡುಗಡೆ ಇಲ್ಲವೇ ಮಾರ್ಪಾಡು ಕೇಳಬೇಕು. ಅನುಮತಿ ಸಿಕ್ಕ ಮೇಲೆ ಮಾತು. ಅಲ್ಲಿಯವರೆಗೆ ದೂರು ಕೊಡುವ ಕಚೇರಿಗಳಿವೆ, ಅದಕ್ಕೇ ಆ ಎರಡನೇ ಸಾಲು ಸೇರಿಸಿ ಎಂದದ್ದು.

ತನ್ನ ಮಾತು ನಿಜವೆಂದು ಗಟ್ಟಿಯಾಗಿ ನಂಬಿದವನು, ದಾಖಲೆ ಇರುವವನು, ಅಲೆದಾಟಕ್ಕೆ ಹೆದರಿ ಮುಚ್ಚಳಿಕೆ ಕೊಡಲೇಬೇಕೆಂದಿಲ್ಲ. ದಾವೆ ನಡೆಸಿ ಗೆಲ್ಲುವ ಹಕ್ಕು ಅವನಿಗಿದೆ. ವಿಚಾರಣೆಗೆ ಮುನ್ನವೇ ಬಾಯಿ ಮುಚ್ಚಿಸುವ ತಡೆಯಾಜ್ಞೆಯನ್ನು ಸಲೀಸಾಗಿ ಕೊಡಬಾರದೆಂದು ಬ್ಲೂಮ್‌ಬರ್ಗ್ ಮತ್ತು ಜೀ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಕೆಳ ನ್ಯಾಯಾಲಯಗಳಿಗೆ ಹೇಳಿದೆ. ಆ ತೀರ್ಪು ಸುದ್ದಿಸಂಸ್ಥೆಯ ಲೇಖನವೊಂದರ ಕುರಿತಾದದ್ದು, ಆದರೆ ಅದರ ತತ್ವವನ್ನು ಲಗ್ಗೆರೆಯ ಕಾರ್ಮಿಕನೂ ತನ್ನ ಪರವಾಗಿ ವಾದಿಸಬಹುದು.

ಕಾಗದ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ವಿವರಿಸಲು ವಕೀಲರನ್ನು ಕೇಳಿ, ಅರ್ಥವಾಗುವ ತನಕ ಸಹಿ ಹಾಕಬೇಡಿ. ವಕೀಲರಿಗೆ ಕೊಡಲು ಹಣವಿಲ್ಲದವರು ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರ ಜೊತೆಗೆ ಕೈಗಾರಿಕಾ ಕಾರ್ಮಿಕರೂ ಉಚಿತ ವಕೀಲರ ನೆರವಿಗೆ ಅರ್ಹರು. ಇವರಿಗೆ ಆದಾಯದ ಮಿತಿ ಇಲ್ಲ.